ಸಲಹೆ ಅವರದು, ಸಹಿ ನಿಮ್ಮದು

‘ಅಮೆರಿಕದ ಎಫ್‌ಡಿಎ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ’ ಎಂದು ಬರುವ ಕನ್ಸಲ್ಟೆಂಟರು ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ಮಾಡುವ ಸಣ್ಣ ಉದ್ಯಮಿಗಳಿಗೆ ಹೊಸಬರಲ್ಲ. ಅವರು ಕೊಟ್ಟ ಕಾಗದಕ್ಕೆ ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದವರೂ ಇದ್ದಾರೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅಂಥ ಸರ್ಟಿಫಿಕೇಟನ್ನು ಕೊಡುವುದೇ ಇಲ್ಲ. ಆಹಾರ ಘಟಕದ ನೋಂದಣಿಗೆ ಅದು ಶುಲ್ಕವನ್ನೂ ಕೇಳುವುದಿಲ್ಲ. ಆನ್‌ಲೈನಿನಲ್ಲಿ ಅರ್ಜಿ ತುಂಬಿದರೆ ಒಂದು ಸಂಖ್ಯೆ ಸಿಗುತ್ತದೆ, ಅಷ್ಟೆ. ಆ ಸಂಖ್ಯೆ ಬಂದ ಮಾತ್ರಕ್ಕೆ ನಿಮ್ಮ ಉತ್ಪನ್ನವನ್ನು ಎಫ್‌ಡಿಎ ಮೆಚ್ಚಿದೆ, ಒಪ್ಪಿದೆ ಎಂದು ಅರ್ಥವಲ್ಲ.

ಹಾಗೆಂದು ಆ ಕನ್ಸಲ್ಟೆಂಟ್ ಮಾಡುವ ಕೆಲಸವೆಲ್ಲ ಸುಳ್ಳಲ್ಲ. 2002ರ ಕಾಯ್ದೆಯಂತೆ ಅಮೆರಿಕಕ್ಕೆ ಆಹಾರ ಕಳಿಸುವ ಹೊರದೇಶದ ಕಾರ್ಖಾನೆ ಎಫ್‌ಡಿಎಯಲ್ಲಿ ಹೆಸರು ನೋಂದಾಯಿಸಬೇಕು, ಅಮೆರಿಕದಲ್ಲೇ ಇರುವ ಒಬ್ಬ ಏಜೆಂಟರನ್ನು ತೋರಿಸಬೇಕು. ತಪಾಸಣೆಯ ವಿಷಯವಿರಲಿ, ತುರ್ತು ಸಂದೇಶವಿರಲಿ, ಎಫ್‌ಡಿಎ ಸಂಪರ್ಕಿಸುವುದು ಅವರನ್ನು. ಸಮಸಂಖ್ಯೆಯ ವರ್ಷಗಳಲ್ಲಿ ಅಕ್ಟೋಬರ್ 1ರಿಂದ ಡಿಸೆಂಬರ್ 31ರೊಳಗೆ ನೋಂದಣಿಯನ್ನು ನವೀಕರಿಸದಿದ್ದರೆ ಅದು ರದ್ದಾಗುತ್ತದೆ. ಇದನ್ನೆಲ್ಲ ನೆನಪಿಟ್ಟು ನಡೆಸಿಕೊಡುವವರಿಗೆ ಶುಲ್ಕ ಕೊಡುವುದು ನ್ಯಾಯವೇ. ಏಜೆಂಟರ ಸೇವೆಯನ್ನು ಸರ್ಕಾರಿ ಪ್ರಮಾಣಪತ್ರವೆಂದು ಮಾರುವುದು ಮಾತ್ರ ಅನ್ಯಾಯ.

ಹೊರದೇಶದ ಮಾರುಕಟ್ಟೆಗೆ ಹೊರಟ ಯಾವ ಕಂಪನಿಗೂ, ಅದರಲ್ಲೂ ಇಪ್ಪತ್ತು ಮೂವತ್ತು ಜನರ ಸಣ್ಣ ಘಟಕಕ್ಕೆ, ಹೊರಗಿನವರ ಸಲಹೆ ಬೇಕೇ ಬೇಕು. ಒಂದು ದೇಶದ ಸುಂಕ, ಲೇಬಲ್, ತೆರಿಗೆ, ಒಪ್ಪಂದದ ಕಾನೂನು ಎಲ್ಲವನ್ನೂ ಮಾಲೀಕರೊಬ್ಬರೇ ಕಲಿಯಲು ಹೊರಟರೆ ಕಾರ್ಖಾನೆ ನಡೆಸುವವರು ಯಾರು? ಆದರೆ ಸಲಹೆಯನ್ನು ದುಡ್ಡು ಕೊಟ್ಟು ಪಡೆಯಬಹುದು, ಹೊಣೆಯನ್ನು ಹಾಗೆ ದಾಟಿಸಲಾಗದು. ಬಂದರಿನಲ್ಲಿ ಸರಕು ನಿಂತರೆ ನಿಲ್ಲುವುದು ನಿಮ್ಮ ಸರಕು, ತಡೆಹಿಡಿಯುವವರ ಪಟ್ಟಿಗೆ ಸೇರುವುದು ನಿಮ್ಮ ಹೆಸರು. ಆದ್ದರಿಂದ ಯಾರಿಂದ ಏನನ್ನು ಪಡೆಯುತ್ತಿದ್ದೇವೆ, ಅದು ಯಾರ ಹೆಸರಿನಲ್ಲಿ ಇರುತ್ತದೆ ಎಂಬುದು ಮೊದಲ ದಿನದಿಂದಲೇ ಸ್ಪಷ್ಟವಾಗಿರಬೇಕು. ಇಲ್ಲಿ ಆಹಾರ ಪದಾರ್ಥದ ಉದಾಹರಣೆಯನ್ನೇ ಹೆಚ್ಚಾಗಿ ಹಿಡಿದಿದ್ದೇನೆ. ನಮ್ಮಲ್ಲಿ ಬಹಳ ಜನ ಕಾಲಿಡುವುದು ಅಲ್ಲಿಂದ, ಎಡವುವುದೂ ಅಲ್ಲೇ.

ಯಾರು ಯಾರ ಕಡೆಯವರು

‘ರಫ್ತು ಕನ್ಸಲ್ಟೆಂಟ್’ ಎಂಬ ಒಂದೇ ಹಲಗೆಯಡಿ ಬೇರೆ ಬೇರೆ ಕಸುಬಿನವರು ಕುಳಿತಿರುತ್ತಾರೆ. ನಿಮ್ಮ ಸರಕಿನ ಶಿಪ್ಪಿಂಗ್ ಬಿಲ್ ಹಾಕಿ ಕಸ್ಟಮ್ಸ್ ದಾಟಿಸುವವರು ಕಸ್ಟಮ್ಸ್ ಬ್ರೋಕರ್. ಹಳಬರು ಈಗಲೂ ಸಿಎಚ್‌ಎ ಎಂದೇ ಕರೆಯುತ್ತಾರೆ. ಅವರಿಗೆ ಸರ್ಕಾರದ ಲೈಸೆನ್ಸ್ ಬೇಕು, 2018ರ ನಿಯಮಾವಳಿಗೆ ಅವರು ಬದ್ಧರು. ಹಡಗಿನಲ್ಲೋ ವಿಮಾನದಲ್ಲೋ ಜಾಗ ಹಿಡಿದುಕೊಡುವವರು ಫ್ರೈಟ್ ಫಾರ್ವರ್ಡರ್. ಆಹಾರದ ನಿಯಮ, ಲೇಬಲ್, ಪ್ರಯೋಗಾಲಯದ ವರದಿ ನೋಡುವವರು ಇನ್ನೊಬ್ಬರು. ತೆರಿಗೆ ಮತ್ತು ವಿದೇಶಿ ವಿನಿಮಯ ಕಾಯ್ದೆಯ (ಫೆಮಾ) ಲೆಕ್ಕಕ್ಕೆ ಸಿಎ, ಒಪ್ಪಂದಕ್ಕೆ ಮತ್ತು ಟ್ರೇಡ್‌ಮಾರ್ಕಿಗೆ ವಕೀಲರು. ಇವರೆಲ್ಲರಿಗಿಂತ ಬೇರೆಯವರು, ಖರೀದಿದಾರರನ್ನು ಹುಡುಕಿಕೊಡುತ್ತೇವೆ ಎನ್ನುವ ಕಮಿಷನ್ ಏಜೆಂಟರು.

ಈ ಕೊನೆಯವರ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ನಿಮಗೆ ದುಡ್ಡು ಕೊಡುವವರು ಯಾರು? ಎರಡೂ ಮನೆಯವರಿಂದ ಪಡೆಯುವ ಮದುವೆ ದಲ್ಲಾಳಿಯಂತೆ ಖರೀದಿದಾರರಿಂದಲೂ ಕಮಿಷನ್ ಪಡೆಯುವ ಏಜೆಂಟರು ‘ಬೆಲೆ ಇನ್ನೂ ಸ್ವಲ್ಪ ಇಳಿಸಿ’ ಎಂದು ಹೇಳಿದರೆ ಅದು ಸಲಹೆಯಾಗಿ ಉಳಿಯುವುದಿಲ್ಲ, ಚೌಕಾಸಿಯಾಗುತ್ತದೆ. ಎರಡೂ ಕಡೆಯಿಂದ ಪಡೆಯುವುದು ತಪ್ಪೇನಲ್ಲ, ಬಚ್ಚಿಡುವುದು ತಪ್ಪು. ‘ಈ ವ್ಯವಹಾರದಲ್ಲಿ ಬೇರೆ ಯಾರಿಂದಲೂ ಹಣ ಪಡೆಯುತ್ತಿಲ್ಲ, ಪಡೆದರೆ ಮೊದಲೇ ತಿಳಿಸುತ್ತೇನೆ’ ಎಂಬ ಒಂದು ಸಾಲನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡುವವರ ಜೊತೆ ಮುಂದುವರಿಯಬೇಡಿ.

ಸರಕನ್ನು ವರ್ಗೀಕರಿಸಿ ಸುಂಕ ಗೊತ್ತುಮಾಡುವ ಎಚ್‌ಎಸ್ ಕೋಡನ್ನು ಫಾರ್ವರ್ಡರ್ ಹೇಳಿದಂತೆ ಹಾಕುವುದು, ಸಿಎ ಹೇಳಿದಂತೆ ಲೇಬಲ್ ಮಾಡಿಸುವುದು ನಮ್ಮಲ್ಲಿ ಸಾಮಾನ್ಯ. ಅವರು ಸಹಾಯ ಮಾಡಲೆಂದೇ ಹೇಳುತ್ತಾರೆ, ಆದರೆ ಅದು ಅವರ ಕಸುಬಲ್ಲ. ಕೋಡಿನ ಮೊದಲ 6 ಅಂಕಿ ಜಗತ್ತಿನೆಲ್ಲೆಡೆ ಒಂದೇ. ಮುಂದಿನವು ದೇಶದಿಂದ ದೇಶಕ್ಕೆ ಬೇರೆ. ನಮ್ಮಲ್ಲಿ 8 ಅಂಕಿ, ಅಮೆರಿಕದಲ್ಲಿ 10. ಆಮದುದಾರರ ಕಡೆಯ ಬ್ರೋಕರ್ ಬೇರೆ ಕೋಡ್ ಹಾಕಿ ಸುಂಕ ಹೆಚ್ಚಾದರೆ, ಬೆಲೆ ಮಾತಾಡಿಕೊಂಡಾಗ ಹಾಕಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅಲ್ಲಿಯ ಬ್ರೋಕರ್ ಯಾವ ಕೋಡ್ ಹಾಕುತ್ತಾರೆಂದು ಮೊದಲ ಇನ್‌ವಾಯ್ಸ್‌ಗೆ ಮುಂಚೆಯೇ ಇಮೇಲಿನಲ್ಲಿ ಕೇಳಿ ಇಟ್ಟುಕೊಳ್ಳಿ.

ಇಂಗಿನೊಳಗಿನ ಗೋಧಿ

ಒಳ್ಳೆಯ ಆಹಾರ ಸಲಹೆಗಾರರನ್ನು ಗುರುತಿಸುವುದು ಅವರು ಕೊಡುವ ಉತ್ತರಕ್ಕಿಂತ ಕೇಳುವ ಪ್ರಶ್ನೆಯಿಂದ. ಸಾಂಬಾರುಪುಡಿಯ ಲೇಬಲ್ ಕೈಗೆ ಕೊಟ್ಟರೆ ಪಳಗಿದವರು ನೇರವಾಗಿ ಕೇಳುವುದು, ‘ಇಂಗು ಯಾವುದು ಹಾಕುತ್ತೀರಿ?’ ಅಂಗಡಿಯಲ್ಲಿ ಸಿಗುವ ಕಲಬೆರಕೆಯಿಲ್ಲದ ಒಳ್ಳೆಯ ಇಂಗೂ ಬರಿಯ ಇಂಗಲ್ಲ. ಅದನ್ನು ಹದಕ್ಕೆ ತರಲು ಗೋಧಿ ಹಿಟ್ಟನ್ನೋ ಗೋಂದನ್ನೋ ಬೆರೆಸಿರುತ್ತಾರೆ. ಗೋಧಿ ಅಮೆರಿಕದ ಅಲರ್ಜಿಕಾರಕ ಪಟ್ಟಿಯಲ್ಲಿದೆ. ಲೇಬಲಿನಲ್ಲಿ ‘ಇಂಗು’ ಎಂದಷ್ಟೇ ಬರೆದು ಗೋಧಿಯನ್ನು ಹೇಳದಿದ್ದರೆ ಸರಕನ್ನು ತಡೆಯಲು, ಅಂಗಡಿಯಿಂದ ವಾಪಸ್ ತರಿಸಲು ಅಷ್ಟೇ ಸಾಕು. ಅಲರ್ಜಿ ಇರುವ ಮಗುವೊಂದು ಅದನ್ನು ತಿಂದರೆ ಆಗಬಹುದಾದ ಅನಾಹುತವನ್ನು ನೆನೆದರೆ ಆ ನಿಯಮ ಕಠಿಣವೆಂದು ನನಗೆ ಅನಿಸುವುದಿಲ್ಲ.

ಎಳ್ಳಿನ ಕಥೆಯೂ ಹೀಗೆಯೇ. 2021ರ ಕಾಯ್ದೆಯೊಂದು ಎಳ್ಳನ್ನು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕವೆಂದು ಸೇರಿಸಿತು, 2023ರ ಜನವರಿ 1ರಿಂದ ಅದು ಜಾರಿಗೆ ಬಂತು. ಇನ್ನೊಂದು ಕಡೆ ತೆಂಗಿನಕಾಯಿ ಬಹಳ ವರ್ಷ ಮರದ ಬೀಜಗಳ ಪಟ್ಟಿಯಲ್ಲಿತ್ತು. 2025ರ ಜನವರಿಯಲ್ಲಿ ಎಫ್‌ಡಿಎ ಅದನ್ನು ಅಲ್ಲಿಂದ ತೆಗೆಯಿತು. ಎಳ್ಳು, ಶೇಂಗಾ, ಕೊಬ್ಬರಿ, ಇಂಗು ನಾಲ್ಕೂ ಇರುವ ನಮ್ಮ ಚಟ್ನಿಪುಡಿಗೆ 2020ರ ಲೇಬಲ್ ಮಾದರಿಯನ್ನೇ ಇವತ್ತೂ ಕೊಡುವ ಸಲಹೆಗಾರರು ಎರಡು ತಪ್ಪನ್ನು ಒಟ್ಟಿಗೆ ಮಾಡಿಸುತ್ತಾರೆ. ‘ಈ ನಿಯಮ ಕೊನೆಯ ಸಲ ಬದಲಾದದ್ದು ಯಾವಾಗ?’ ಎಂದು ಕೇಳಿ ನೋಡಿ. ತಿಳಿದವರು ತಾರೀಖು ಹೇಳುತ್ತಾರೆ. ತಿಳಿಯದ ಪ್ರಾಮಾಣಿಕರು ನೋಡಿ ಹೇಳುತ್ತೇನೆ ಎನ್ನುತ್ತಾರೆ, ಅವರನ್ನೂ ನಂಬಬಹುದು.

ಉಪ್ಪಿನಕಾಯಿಗೆ ದಾರಿ ಇನ್ನೂ ಉದ್ದ. ಹುಳಿ ಕಡಿಮೆಯಿರುವ ತರಕಾರಿಗೆ ನಿಂಬೆರಸವನ್ನೋ ವಿನಿಗರನ್ನೋ ಸೇರಿಸಿ ಪಿಎಚ್ ಅನ್ನು 4.6ಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿಸಿ ಮಾಡಿದ್ದನ್ನು ಎಫ್‌ಡಿಎ ಪ್ರತ್ಯೇಕ ವರ್ಗವಾಗಿ ನೋಡುತ್ತದೆ. ಕಾರ್ಖಾನೆಯ ಸಾಮಾನ್ಯ ನೋಂದಣಿ ಅದಕ್ಕೆ ಸಾಲದು. ಇನ್ನೊಂದು ನೋಂದಣಿ ಬೇಕು, ತಯಾರಿಸುವ ವಿಧಾನವನ್ನು ಉತ್ಪನ್ನವಾರು ಸಲ್ಲಿಸಬೇಕು. ಹುದುಗಿಸಿದ್ದು, ಸಹಜವಾಗಿಯೇ ಹುಳಿಯಿರುವುದು ಈ ವರ್ಗದಿಂದ ಹೊರಗುಳಿಯಬಹುದು. ಉಪ್ಪುನೀರಿನಲ್ಲಿ ಕೂಡಿಟ್ಟ ಅಪ್ಪೆಮಿಡಿ ಯಾವ ಕಡೆ ಬೀಳುತ್ತದೆ, ಬೀನ್ಸ್ ಕ್ಯಾರೆಟ್ ಬೆರೆಸಿದ ಮಿಶ್ರ ಉಪ್ಪಿನಕಾಯಿ ಯಾವ ಕಡೆ? ಇದನ್ನು ಅಜ್ಜಿಯ ಕೈರುಚಿಯಾಗಲಿ ಕನ್ಸಲ್ಟೆಂಟರ ಅನುಭವವಾಗಲಿ ನಿರ್ಧರಿಸುವಂತಿಲ್ಲ. ಶಾಖ, ಆಮ್ಲ, ಸೂಕ್ಷ್ಮಜೀವಿಗಳ ವಿಜ್ಞಾನ ಬಲ್ಲ, ‘ಪ್ರಾಸೆಸ್ ಅಥಾರಿಟಿ’ ಎಂದು ಕರೆಯುವ ತಜ್ಞರು ಮಾದರಿಯನ್ನು ಪರೀಕ್ಷಿಸಿ ಬರೆದುಕೊಡಬೇಕು. ಈ ವಿಷಯದ ಮಾತು ಎತ್ತದೆಯೇ ಉಪ್ಪಿನಕಾಯಿಗೆ ‘ಎಲ್ಲ ಆಯಿತು’ ಎನ್ನುವವರಿಗೆ ವಿಷಯವೇ ಗೊತ್ತಿಲ್ಲವೆಂದು ತಿಳಿಯಬಹುದು.

ಒಂದು ದೇಶಕ್ಕೆ ಸರಿಹೋದ ಸಲಹೆ ಪಕ್ಕದ ದೇಶಕ್ಕೆ ಸಲ್ಲುವುದಿಲ್ಲ ಎನ್ನುವುದಕ್ಕೆ ಎಥಿಲೀನ್ ಆಕ್ಸೈಡ್ ಒಳ್ಳೆಯ ಸಾಕ್ಷಿ. ಮಸಾಲೆಯಲ್ಲಿನ ಸೂಕ್ಷ್ಮಜೀವಿ ಕೊಲ್ಲಲು ಬಳಸುವ ಈ ಅನಿಲಕ್ಕೆ ಅಮೆರಿಕದಲ್ಲಿ ಅನುಮತಿಯಿದೆ, ಉಳಿಕೆ 7 ಪಿಪಿಎಂ ಮೀರಬಾರದು. ಯುರೋಪ್ ಒಕ್ಕೂಟದಲ್ಲಿ ಆಹಾರಕ್ಕೆ ಅದನ್ನು ಬಳಸುವಂತೆಯೇ ಇಲ್ಲ. 2020ರಲ್ಲಿ ಭಾರತದ ಎಳ್ಳಿನಲ್ಲಿ ಅದು ಸಿಕ್ಕಿ ಯುರೋಪಿನಾದ್ಯಂತ ಸರಕು ವಾಪಸಾಯಿತು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳು ಭಾರತದ ಕೆಲವು ಮಸಾಲೆ ಪುಡಿಗಳ ಮೇಲೆ ಇದೇ ಕಾರಣಕ್ಕೆ ಕ್ರಮ ಕೈಗೊಂಡವು. ಅಮೆರಿಕ, ಯುರೋಪ್ ಎರಡೂ ಕಡೆ ಮಾರುವ ಆಸೆಯಿದ್ದರೆ ಹಬೆಯಿಂದ ಶುದ್ಧೀಕರಿಸಿದ ಮಸಾಲೆಯನ್ನೇ ಕೊಳ್ಳಿ ಎಂದು ಸಲಹೆಗಾರರು ಮೊದಲೇ ಹೇಳಬೇಕು. ತುಪ್ಪ, ಹಾಲಿನ ಸಿಹಿಯ ವಿಷಯದಲ್ಲಂತೂ ಯುರೋಪ್ ಒಕ್ಕೂಟ ಕಾರ್ಖಾನೆಗಿಂತ ಮೊದಲು ಆ ದೇಶ ಅನುಮತಿಯ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ. ಅಲ್ಲಿ ದೇಶದ ಹೆಸರಿಲ್ಲದಿದ್ದರೆ ಕಾರ್ಖಾನೆಗೆ ಎಷ್ಟು ಟೈಲ್ಸ್ ಹಾಕಿಸಿದರೂ ಉಪಯೋಗವಿಲ್ಲ. ‘ಇದು ಬೇಡ, ಬೇರೆ ಉತ್ಪನ್ನ ನೋಡೋಣ’ ಎಂದು ಶುಲ್ಕ ಹೋದರೂ ಸರಿ ಎಂದು ಹೇಳುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಅಮೆರಿಕದ ಆಮದುದಾರರ ಪರವಾಗಿಯೂ ಒಬ್ಬ ಸಲಹೆಗಾರರು ಇರುತ್ತಾರೆ ಎಂಬುದನ್ನು ಮರೆಯಬಾರದು. 2011ರ ಆಹಾರ ಸುರಕ್ಷತಾ ಕಾಯ್ದೆ, ಹೊರದೇಶದ ತಯಾರಕರನ್ನು ಪರಿಶೀಲಿಸುವ ಹೊಣೆಯನ್ನು ಆಮದುದಾರರ ಮೇಲೆ ಹೊರಿಸಿದೆ. ಅವರ ಸಲಹೆಗಾರರು ನಿಮ್ಮಿಂದ ಅಪಾಯ ವಿಶ್ಲೇಷಣೆ, ಬ್ಯಾಚ್ ದಾಖಲೆ, ಪ್ರಯೋಗಾಲಯದ ವರದಿ, ಸ್ವಚ್ಛತೆಯ ರಿಜಿಸ್ಟರ್ ಕೇಳುತ್ತಾರೆ. ಈ ದಾಖಲೆಗಳನ್ನು ಹೊರಗಿನವರಿಂದ ಸಿದ್ಧ ಮಾದರಿಯಲ್ಲಿ ಬರೆಸಿಕೊಂಡು ಕಪಾಟಿನಲ್ಲಿಟ್ಟರೆ ಆಗದು. ತಪಾಸಣೆಗೆ ಬಂದವರು ಹುರಿಯುವ ಬಾಂಡಲೆಯ ಪಕ್ಕ ನಿಂತವರನ್ನೇ ಕೇಳುತ್ತಾರೆ, ‘ಬಿಸಿ ಎಷ್ಟಿರಬೇಕು? ಎಲ್ಲಿ ಬರೆದಿಡುತ್ತೀರಿ?’ ಸಲಹೆಗಾರರಿಗೆ ಕೊಡುವ ಶುಲ್ಕದಲ್ಲಿ ಅರ್ಧ ಭಾಗವನ್ನು ಕೆಲಸಗಾರರ ತರಬೇತಿಗೆಂದೇ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ತರಬೇತಿ ಕನ್ನಡದಲ್ಲೇ ಆಗಬೇಕು.

ಅಂಗಡಿಯ ಬೆಲೆಯಿಂದ ಹಿಂದಕ್ಕೆ

ಮಾರುಕಟ್ಟೆ ಅಧ್ಯಯನವೆಂದು ದಪ್ಪ ವರದಿ ಕೊಡುವವರಿದ್ದಾರೆ. ಅಮೆರಿಕದಲ್ಲಿ ಭಾರತೀಯರು ಎಷ್ಟು, ಅವರ ವರಮಾನ ಎಷ್ಟು ಎಂಬುದಕ್ಕೆ ಅರ್ಧ ಪುಸ್ತಕ ಮೀಸಲು. ನಿಮಗೆ ಬೇಕಾದ್ದು ಒಂದು ಹಾಳೆ. ಅಲ್ಲಿಯ ಅಂಗಡಿಯಲ್ಲಿ ನಿಮ್ಮಂಥದ್ದೇ ಪೊಟ್ಟಣ ಎಷ್ಟಕ್ಕೆ ಮಾರಾಟವಾಗುತ್ತಿದೆ, ಅಲ್ಲಿಂದ ಹಿಂದಕ್ಕೆ ಬಂದರೆ ನಿಮ್ಮ ಕೈಗೆ ಎಷ್ಟು ಉಳಿಯುತ್ತದೆ?

ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. ಪೊಟ್ಟಣದ ಅಂಗಡಿ ಬೆಲೆ 4 ಡಾಲರ್. ಅಂಗಡಿಯವರು ಶೇ 30 ಇಟ್ಟುಕೊಂಡರೆ ವಿತರಕರಿಗೆ ಬರುವುದು 2.80. ಅದರಲ್ಲಿ ವಿತರಕರು ಶೇ 25 ಇಟ್ಟುಕೊಂಡರೆ ಆಮದುದಾರರಿಗೆ 2.10. ಹಡಗು ಬಾಡಿಗೆ, ಸುಂಕ, ಬಂದರಿನ ಖರ್ಚು, ಗೋದಾಮು ಸೇರಿ 70 ಸೆಂಟ್ ಹೋದರೆ ಉಳಿಯುವುದು 1.40. ಆಮದುದಾರರ ಲಾಭ, ಹಾಳಾದ ಸರಕು, ಅಂಗಡಿಗೆ ಕೊಡುವ ರಿಯಾಯಿತಿ ಎಲ್ಲವೂ ಇದರಲ್ಲೇ. ನಿಮಗೆ 1 ಡಾಲರ್ ಸಿಕ್ಕರೆ ದೊಡ್ಡದು. ಆ ಡಾಲರಿನಲ್ಲಿ ಮಸಾಲೆ, ಪೊಟ್ಟಣ, ಕೂಲಿ, ಪರೀಕ್ಷೆ, ಬಂದರಿನವರೆಗಿನ ಲಾರಿ ಬಾಡಿಗೆ ಕಳೆದು ಏನಾದರೂ ಉಳಿಯುತ್ತದೆಯೇ? ಉಳಿಯದಿದ್ದರೆ ಮುಂದಿನ ಸಲಹೆಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಈ ಹಾಳೆಯ ಮೇಲೆ ತಾರೀಖು ಇರಲೇಬೇಕು. 2025ರ ಆಗಸ್ಟ್‌ನಲ್ಲಿ ಭಾರತದ ಬಹಳಷ್ಟು ಸರಕಿನ ಮೇಲೆ ಅಮೆರಿಕದ ಹೆಚ್ಚುವರಿ ಸುಂಕ ತಿಂಗಳೊಪ್ಪತ್ತಿನಲ್ಲಿ ಶೇ 50ಕ್ಕೆ ಏರಿದಾಗ, ಜುಲೈನಲ್ಲಿ ತಯಾರಾದ ವರದಿಗಳೆಲ್ಲ ರದ್ದಿಯಾದವು. ಇನ್ನೊಂದೆಡೆ ಯುಎಇ ಜೊತೆಗಿನ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಸುಂಕದ ರಿಯಾಯಿತಿ ಸಿಗಲು ಸರಕಿನ ಮೂಲದ ಪ್ರಮಾಣಪತ್ರ ಜೊತೆಗಿರಬೇಕು. ಅದನ್ನು ಮಾಡಿಸದೆ ಪೂರ್ತಿ ಸುಂಕ ಕಟ್ಟಿಸಿಕೊಂಡು, ಆಮದುದಾರರಿಂದ ಬೈಸಿಕೊಂಡವರೂ ಇದ್ದಾರೆ.

ಶುಲ್ಕ ಕೊಡುವ ಮುಂಚೆ

ಬಹಳಷ್ಟು ಪ್ರಾಥಮಿಕ ಸಲಹೆ ನಮಗೆ ಬಿಟ್ಟಿಯಾಗಿ, ಇಲ್ಲವೇ ಸ್ವಲ್ಪ ಖರ್ಚಿಗೆ ಸಿಗುತ್ತದೆ. ಆಮದು–ರಫ್ತಿಗೆ ಬೇಕಾದ ಐಇಸಿ ಸಂಖ್ಯೆಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ ಸರ್ಕಾರಿ ಶುಲ್ಕ 500 ರೂಪಾಯಿ. ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ, ಅಂದರೆ ವಿಟಿಪಿಸಿ, ರಾಜ್ಯ ಸರ್ಕಾರದ್ದು. ಜಿಲ್ಲೆಗಳಲ್ಲೂ ರಫ್ತು ತರಬೇತಿ ನಡೆಸುತ್ತದೆ. ಕೃಷಿ ಮತ್ತು ಸಂಸ್ಕರಿತ ಆಹಾರದ ರಫ್ತು ನೋಡಿಕೊಳ್ಳುವ ಅಪೆಡಾದ ಕಚೇರಿ ಬೆಂಗಳೂರಿನಲ್ಲಿದೆ, ಮಸಾಲೆಗೆ ಸ್ಪೈಸಸ್ ಬೋರ್ಡ್ ಇದೆ. ಆಹಾರ ತಂತ್ರಜ್ಞಾನದ ಪ್ರಶ್ನೆಗಳಿಗೆ ಮೈಸೂರಿನ ಸಿಎಫ್‌ಟಿಆರ್‌ಐ ಇರುವಾಗ ಬೇರೆಡೆ ಹುಡುಕುವ ಮೊದಲು ಅಲ್ಲಿಗೆ ಹೋಗುವುದು ವಾಸಿ. ಯಾವ ದೇಶ ಯಾವ ಸರಕನ್ನು ಎಲ್ಲಿಂದ ಎಷ್ಟು ತರಿಸುತ್ತದೆ ಎಂಬ ಅಂಕಿಅಂಶ ಜಿನೀವಾದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರಿನ ಟ್ರೇಡ್ ಮ್ಯಾಪ್‌ನಲ್ಲಿ ಸಿಗುತ್ತದೆ. ಖರೀದಿದಾರರು ನಂಬಿಕಸ್ಥರೇ ಎಂದು ವಿಚಾರಿಸಲು ಭಾರತೀಯ ರಾಯಭಾರ ಕಚೇರಿಗಳ ವಾಣಿಜ್ಯ ವಿಭಾಗಗಳಿಗೆ ಬರೆಯಬಹುದು. ಹಣ ಬಾರದೇ ಹೋದರೆ ಎಂಬ ಭಯಕ್ಕೆ ಸರ್ಕಾರಿ ಒಡೆತನದ ಇಸಿಜಿಸಿ ವಿಮೆ ಮಾಡುತ್ತದೆ; ಅದು ಆ ಖರೀದಿದಾರರಿಗೆ ಎಷ್ಟು ಮೊತ್ತದವರೆಗೆ ವಿಮೆ ಒಪ್ಪುತ್ತದೆ ಎಂಬುದೇ ಬೆಲೆಬಾಳುವ ಮಾಹಿತಿ.

ಯಂತ್ರದ ಬಿಡಿಭಾಗ ಮಾಡುವ ಪೀಣ್ಯದವರಿಗೋ ಬೆಳಗಾವಿಯ ಫೌಂಡ್ರಿಯವರಿಗೋ ಬೆಂಗಳೂರಿನಲ್ಲೇ ಜಪಾನಿನ ಜೆಟ್ರೊ ಕಚೇರಿ, ಇಂಡೋ–ಜರ್ಮನ್ ವಾಣಿಜ್ಯ ಮಂಡಳಿಯ ಕಚೇರಿ ಇವೆ. ಅವು ತಮ್ಮ ದೇಶದ ವ್ಯಾಪಾರ ಬೆಳೆಯಲೆಂದು ಇರುವ ಸಂಸ್ಥೆಗಳು ಎಂಬುದನ್ನು ನೆನಪಿಟ್ಟುಕೊಂಡು ಅವರ ಮಾಹಿತಿಯನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಇಷ್ಟು ಮಾಡಿದ ಮೇಲೂ ಉಳಿಯುವ ಪ್ರಶ್ನೆಗಳಿಗೆ ಮಾತ್ರ ಸಲಹೆಗಾರರನ್ನು ಹಿಡಿಯಿರಿ. ಆಗ ಕೆಲಸ ಚಿಕ್ಕದು, ಶುಲ್ಕವೂ ಚಿಕ್ಕದು, ಅಳೆಯುವುದೂ ಸುಲಭ. ‘ರಫ್ತಿಗೆ ಸಹಾಯ’ ಎಂದು ಬರೆದ ಒಪ್ಪಂದದಲ್ಲಿ ಕೆಲಸ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯದು. ‘ಈ ಮೂರು ಉತ್ಪನ್ನಗಳ ಲೇಬಲನ್ನು ಅಮೆರಿಕದ ನಿಯಮಕ್ಕೆ ಸರಿಹೊಂದಿಸಿ, ಯಾವ ನಿಯಮದ ಪ್ರಕಾರ ಎಂಬ ಟಿಪ್ಪಣಿಯೊಂದಿಗೆ 30 ದಿನದಲ್ಲಿ ಕೊಡುವುದು’ ಎಂದು ಬರೆದರೆ ತಿಳಿಯುತ್ತದೆ. ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಕೊಡಬಹುದು, ಕೆಲಸದ ಲೆಕ್ಕದಲ್ಲಿ ಕೊಡಬಹುದು, ಮಾರಾಟದ ಪಾಲಾಗಿಯೂ ಕೊಡಬಹುದು. ನಿಯಮಪಾಲನೆಯ ಕೆಲಸಕ್ಕೆ ಪಾಲು ಸಲ್ಲದು. ಸರಕು ಹೋದರೆ ಮಾತ್ರ ದುಡ್ಡು ಎಂದಾದಾಗ ‘ನಿಲ್ಲಿಸಿ’ ಎಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ನಮ್ಮ ವಕೀಲರಿಗಂತೂ ಫಲಿತಾಂಶದ ಮೇಲೆ ಶುಲ್ಕ ಕಟ್ಟುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಹೊರದೇಶದ ಸಲಹೆಗಾರರಿಗೆ ಹಣ ಕಳಿಸುವುದಾದರೆ ಇಲ್ಲಿ ಟಿಡಿಎಸ್ ಹಿಡಿಯಬೇಕೇ, ಆ ಸೇವೆಗೆ ರಿವರ್ಸ್ ಚಾರ್ಜ್‌ನಲ್ಲಿ ಜಿಎಸ್‌ಟಿ ಕಟ್ಟಬೇಕೇ ಎಂದು ಸಿಎ ಅವರನ್ನು ಮೊದಲೇ ಕೇಳಿ. ಬಹಳ ಜನಕ್ಕೆ ಇದು ಹೊಳೆಯುವುದು ನೋಟಿಸ್ ಬಂದ ಮೇಲೆ.

ಪಾಸ್‌ವರ್ಡ್ ಯಾರ ಬಳಿ

ಸಣ್ಣದೆನಿಸಿದರೂ ಇದರಷ್ಟು ಕಾಡುವ ವಿಷಯ ಇನ್ನೊಂದಿಲ್ಲ. ಐಇಸಿ, ಕಸ್ಟಮ್ಸಿನ ಐಸ್‌ಗೇಟ್, ಎಫ್‌ಡಿಎ ಖಾತೆ, ಟ್ರೇಡ್‌ಮಾರ್ಕ್ ಅರ್ಜಿ ಎಲ್ಲದರಲ್ಲೂ ಅನುಕೂಲಕ್ಕೆಂದು ಕನ್ಸಲ್ಟೆಂಟರು ತಮ್ಮದೇ ಇಮೇಲ್, ಮೊಬೈಲ್ ಸಂಖ್ಯೆ ಕೊಟ್ಟಿರುತ್ತಾರೆ. ಒಟಿಪಿ ಅವರಿಗೆ ಹೋಗುತ್ತದೆ, ನೋಟಿಸೂ ಅವರಿಗೇ ಹೋಗುತ್ತದೆ. ಐಇಸಿ ವಿವರಗಳನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ, ಬದಲಾವಣೆ ಇಲ್ಲದಿದ್ದರೂ, ಖಚಿತಪಡಿಸಬೇಕು. ಇಲ್ಲದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಕನ್ಸಲ್ಟೆಂಟರೊಡನೆ ಸಂಬಂಧ ಕೆಟ್ಟಿದ್ದರೆ ಈ ಸುದ್ದಿ ನಿಮಗೆ ತಲುಪುವುದು ಲಾರಿ ಬಂದರಿನಲ್ಲಿ ನಿಂತ ದಿನ. ಕಂಪನಿಯ ಹೆಸರಿನಲ್ಲಿ ಒಂದು ಪ್ರತ್ಯೇಕ ಇಮೇಲ್ ಮಾಡಿ, ಎಲ್ಲ ಖಾತೆಗೂ ಅದನ್ನೇ ಕೊಡಿ. ಸಲಹೆಗಾರರಿಗೆ ಅದನ್ನು ನೋಡುವ ಅವಕಾಶ ಕೊಟ್ಟರೆ ಸಾಕು.

ಬ್ರಾಂಡಿನ ಹೆಸರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘ಇಲ್ಲಿ ಟ್ರೇಡ್‌ಮಾರ್ಕ್ ನಾನೇ ಮಾಡಿಸುತ್ತೇನೆ, ನೀವು ತಲೆ ಕೆಡಿಸಿಕೊಳ್ಳಬೇಡಿ’ ಎಂದು ಅಲ್ಲಿಯ ವಿತರಕರು ಹೇಳಿದರೆ ವಿನಯದಿಂದ ಬೇಡವೆನ್ನಿ. ಅವರ ಹೆಸರಿನಲ್ಲಿ ನೋಂದಣಿಯಾದರೆ ಆ ದೇಶದಲ್ಲಿ ನಿಮ್ಮ ಹೆಸರಿಗೆ ನೀವೇ ಪರಕೀಯರು. ಭಾರತ 2013ರ ಜುಲೈನಿಂದ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿದೆ. ಇಲ್ಲಿಯ ಅರ್ಜಿಯನ್ನು ಆಧರಿಸಿ ಹಲವು ದೇಶಗಳಿಗೆ ಒಂದೇ ಅರ್ಜಿಯಲ್ಲಿ ಕೇಳಬಹುದು. ಸರಕು ಕಳಿಸುವ ಮುಂಚೆ ಇದು ಆಗಬೇಕು.

ಏಜೆಂಟರನ್ನು ನೇಮಿಸುವಾಗ

ಮಾರಾಟ ಹೆಚ್ಚಿದ ಮೇಲೆ ಅಲ್ಲೇ ಒಬ್ಬ ಪ್ರತಿನಿಧಿ ಬೇಕೆನಿಸುತ್ತದೆ. ವಿತರಕರು ಸರಕನ್ನು ಕೊಂಡು ತಮ್ಮ ಹೊಣೆಯಲ್ಲಿ ಮಾರುತ್ತಾರೆ. ಏಜೆಂಟರು ನಿಮ್ಮ ಪರವಾಗಿ ಆರ್ಡರ್ ತರುತ್ತಾರೆ. ನಿಮ್ಮ ಪರವಾಗಿ ಒಪ್ಪಂದಗಳನ್ನೇ ಪದೇ ಪದೇ ಮಾಡುವ ಅಧಿಕಾರ ಏಜೆಂಟರಿಗೆ ಕೊಟ್ಟರೆ ನಿಮಗೆ ಆ ದೇಶದಲ್ಲೇ ನೆಲೆಯಿದೆ ಎಂದು ಅಲ್ಲಿಯ ತೆರಿಗೆ ಇಲಾಖೆ ಹೇಳಬಹುದು. ಕಂಪನಿ ತೆರೆಯದೆಯೇ ತೆರಿಗೆ ಬರುವ ದಾರಿ ಇದು, ಸಿಎ ಅವರೊಡನೆ ಕೂತು ಮಾತಾಡಬೇಕಾದ್ದು.

ಬಿಡುಗಡೆಯ ಷರತ್ತಿನಲ್ಲಿ ನಮ್ಮವರು ಹೆಚ್ಚು ಸೋಲುತ್ತಾರೆ. 30 ದಿನದ ನೋಟಿಸ್ ಕೊಟ್ಟು ಬಿಟ್ಟರಾಯಿತು ಎಂಬುದು ನಮ್ಮ ಎಣಿಕೆ. ಯುರೋಪ್ ಒಕ್ಕೂಟದ 1986ರ ನಿರ್ದೇಶನ ಸ್ವತಂತ್ರ ಮಾರಾಟ ಏಜೆಂಟರಿಗೆ, ಒಪ್ಪಂದ ಮುಗಿದಾಗ ಪರಿಹಾರದ ಹಕ್ಕು ಕೊಟ್ಟಿದೆ. ಜರ್ಮನಿಯಲ್ಲಿ ಅದು ಒಂದು ವರ್ಷದ ಸರಾಸರಿ ಕಮಿಷನ್‌ವರೆಗೂ ಹೋಗಬಹುದು, ಒಪ್ಪಂದದಲ್ಲಿ ಮೊದಲೇ ಬೇಡವೆಂದು ಬರೆಸಿದರೂ ನಿಲ್ಲುವುದಿಲ್ಲ. ಯುಎಇಯಲ್ಲಿ 1981ರ ಹಳೆಯ ಕಾನೂನಿನಡಿ ನೋಂದಾಯಿತ ಏಜೆಂಟರನ್ನು ಬಿಡುವುದು ಬಲು ಕಷ್ಟವಾಗಿತ್ತು; 2023ರಿಂದ ಜಾರಿಗೆ ಬಂದ ಹೊಸ ಕಾನೂನು ಅದನ್ನು ಸಡಿಲಿಸಿದೆ, ಆದರೂ ಏಜೆನ್ಸಿಯನ್ನು ಅಲ್ಲಿ ನೋಂದಾಯಿಸಲು ಒಪ್ಪುವ ಮುಂಚೆ ನಾಲ್ಕು ಸಲ ಯೋಚಿಸಿ. ಇಡೀ ದೇಶದ ಏಕೈಕ ಹಕ್ಕನ್ನು ಮೊದಲ ವರ್ಷವೇ ಕೊಡಬೇಡಿ. ಒಂದು ಊರು, ಒಂದು ವರ್ಷ, ಇಷ್ಟು ಮಾರಾಟ ಆಗದಿದ್ದರೆ ಹಕ್ಕು ತಾನಾಗಿ ಹೋಗುತ್ತದೆ ಎಂದು ಆರಂಭಿಸಿ. ವಿತರಕರು ಕಳಿಸಿದ ಅಚ್ಚುಕಟ್ಟಾದ ಕರಡಿಗೆ ಸಹಿ ಹಾಕುವ ಮೊದಲು ಆ ದೇಶದ ವಕೀಲರೊಬ್ಬರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಒಂದೇ ಪ್ರಶ್ನೆ ಕೇಳಿ: ಇವರನ್ನು ಬಿಡಬೇಕಾಗಿ ಬಂದರೆ ನಾನು ಎಷ್ಟು ಕೊಡಬೇಕು, ಎಷ್ಟು ದಿನ ಕಾಯಬೇಕು?